'ಭಯಪಡಬೇಡಿ' ಅನ್ನುವ ಮೊದಲು: ಕಲಬುರಗಿ, ಬೀದರ್, ವಿಜಯಪುರದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ತಹಶೀಲ್ದಾರರಿಗೆ, ಪಂಚಾಯತಿ ಪಿಡಿಒಗಳಿಗೆ,

ನಮಸ್ಕಾರ. ನಾನು ಆಳಂದ ಸೀಮೆಯವಳು. ಭೂಕಂಪದ ಅಧ್ಯಯನ ನನ್ನ ಹೊಟ್ಟೆಪಾಡು. ಅದರಲ್ಲೂ ನೆಲದೊಳಗಿನ ಫಾಲ್ಟ್, ಅಂದರೆ ಬಂಡೆ ಒಡೆದು ಜರುಗುವ ಜಾಗ, ಹುಡುಕಿ, ಅದು ಹಿಂದೆ ಯಾವಾಗ ಜರುಗಿತ್ತು ಅಂತ ನೋಡುವುದು. ನನ್ನಂಥವರನ್ನು ನೀವು ಆಗಾಗ ಕರೆಸುತ್ತೀರಿ. ಊರಲ್ಲಿ ಪಾತ್ರೆ ಅಲ್ಲಾಡಿದಾಗ, ಜನ ಹೊಲದಲ್ಲಿ ಮಲಗಲು ಶುರು ಮಾಡಿದಾಗ, ಟಿವಿಯವರು ಬಂದಾಗ.

ಅಂಥ ಒಂದು ಸಭೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತೆ. ಅದಕ್ಕೇ ಈ ಪತ್ರ.

ಊರಿನ ಹೆಸರು ಹೇಳುವುದಿಲ್ಲ, ಅಧಿಕಾರಿಯ ಹೆಸರೂ ಬೇಡ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಎರಡು ವಾರದಿಂದ ನೆಲದಡಿ ಗುಡುಗಿದ ಹಾಗೆ ಸದ್ದು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹಿರಿಯ ಅಧಿಕಾರಿಯೊಬ್ಬರು ಮೈಕ್ ಹಿಡಿದು ಹೇಳಿದರು: "ಸಣ್ಣ ಸಣ್ಣ ಕಂಪನ ಆಗುವುದು ಒಳ್ಳೆಯದೇ. ಒಳಗಿನ ಶಕ್ತಿ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ದೊಡ್ಡದು ಆಗುವುದಿಲ್ಲ, ಯಾರೂ ಭಯಪಡಬೇಡಿ. ಇಲ್ಲಿ ವಿಜ್ಞಾನಿಗಳೂ ಇದ್ದಾರೆ." ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಹೌದು ಅಂತಲೋ ಅಲ್ಲ ಅಂತಲೋ ನನಗೇ ಗೊತ್ತಿಲ್ಲ. ಜನ ಹೌದು ಅಂತ ತಿಳಿದರು.

ಸಭೆ ಮುಗಿದ ಮೇಲೆ ವಯಸ್ಸಾದ ಆಯಿಯೊಬ್ಬರು ಬಂದು ನನ್ನ ಕೈ ಹಿಡಿದರು. "ಯವ್ವಾ, ಅದೆಲ್ಲಾ ಇರ್ಲಿ. ಇವತ್ತ ರಾತ್ರಿ ನಾ ಒಳಗ ಮಲಗ್ಲೋ, ಹೊರಗ ಮಲಗ್ಲೋ? ಅಷ್ಟ ಹೇಳು." ಜೀಪು ಸ್ಟಾರ್ಟ್ ಆಗಿತ್ತು. ಏನೋ ತೊದಲಿದೆ. ಹತ್ತಿ ಹೊರಟೆ.

ಮೊದಲು ಮೈಕಿನಲ್ಲಿ ಹೇಳಿದ ಆ ಮಾತಿನ ಲೆಕ್ಕ ನೋಡೋಣ. ಭೂಕಂಪದ ಅಳತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಅಂಕ ಏರಿದರೆ ಸುಮಾರು 1,000 ಪಟ್ಟು. ಅಂದರೆ 6ರ ಭೂಕಂಪ ಒಂದರ ಶಕ್ತಿ ಹೊರಗೆ ಹೋಗಬೇಕಾದರೆ 4ರ ಕಂಪನಗಳು 1,000 ಆಗಬೇಕು. ದಿನಕ್ಕೊಂದರಂತೆ ಆದರೂ ಎರಡು ಮುಕ್ಕಾಲು ವರ್ಷ ಬೇಕು. ನಮ್ಮ ಕಡೆ ಆಗುವುದು ಹೆಚ್ಚಾಗಿ 2, 3ರವು. 3ರವಾದರೆ 32,000 ಬೇಕು. ಕೊಡದಲ್ಲಿ ತುಂಬಿ ತುಂಬಿ ಕೆರೆ ಖಾಲಿ ಮಾಡಿದ ಹಾಗೆ. ಕೇಳಲು ಸಮಾಧಾನದ ಮಾತು, ಆದರೆ ಲೆಕ್ಕ ಕೂಡುವುದಿಲ್ಲ.

ಇದೇ ಮಾತನ್ನು ಇಟಲಿಯಲ್ಲೂ ಹೇಳಿದ್ದರು. ಲಾಕ್ವಿಲಾ ಅಂತ ಒಂದು ಊರು. 2009ರ ಆರಂಭದ ತಿಂಗಳುಗಳಲ್ಲಿ ಅಲ್ಲಿ ಸಣ್ಣ ಕಂಪನಗಳು ಬಿಡದೆ ಆಗುತ್ತಿದ್ದವು. ಮಾರ್ಚ್ 31ರಂದು ವಿಜ್ಞಾನಿಗಳ ಸಭೆ ಕರೆದರು. ಸರ್ಕಾರದ ಅಧಿಕಾರಿಯೊಬ್ಬರು ಟಿವಿಯಲ್ಲಿ, ಶಕ್ತಿ ಹೊರಗೆ ಹೋಗುತ್ತಿದೆ, ಇದು ಒಳ್ಳೆಯ ಲಕ್ಷಣ ಎಂಬ ಅರ್ಥದ ಮಾತು ಹೇಳಿದರು. ಏಪ್ರಿಲ್ 6ರ ಬೆಳಗಿನ ಜಾವ ಊರು ಕುಸಿಯಿತು. 300ಕ್ಕೂ ಹೆಚ್ಚು ಜನ ಸತ್ತರು. ಮೊದಲೆಲ್ಲಾ ರಾತ್ರಿ ನೆಲ ನಡುಗಿದರೆ ಎದ್ದು ಬಯಲಿಗೆ ಹೋಗುವುದು ಅಲ್ಲಿನ ಹಳಬರ ರೂಢಿ. ಅವತ್ತು ಕೆಲವರು ಆ ಸಮಾಧಾನದ ಮಾತು ನಂಬಿ ಮನೆಯಲ್ಲೇ ಉಳಿದರು ಅಂತ ಅವರ ಮನೆಯವರು ಕೋರ್ಟಿನಲ್ಲಿ ಹೇಳಿದರು. 2012ರಲ್ಲಿ ಏಳು ಜನರಿಗೆ ಆರು ವರ್ಷ ಜೈಲು ಶಿಕ್ಷೆ ಆಯಿತು. 2014ರಲ್ಲಿ ಮೇಲಿನ ಕೋರ್ಟು ಆರು ವಿಜ್ಞಾನಿಗಳನ್ನು ಬಿಟ್ಟಿತು. ಅಧಿಕಾರಿಯ ಶಿಕ್ಷೆಯನ್ನು ಕಡಿಮೆ ಮಾಡಿತು, ಪೂರ್ತಿ ತೆಗೆಯಲಿಲ್ಲ. ಭೂಕಂಪವನ್ನು ಮೊದಲೇ ಹೇಳಲಿಲ್ಲ ಅಂತ ಯಾರನ್ನಾದರೂ ಜೈಲಿಗೆ ಹಾಕುವುದು ತಪ್ಪು ಅಂತಲೇ ನಾನು ಹೇಳುತ್ತೇನೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳುವುದು ಬೇರೆ ವಿಷಯ. ಆ ಶಾಮಿಯಾನದಡಿ ತಲೆ ಆಡಿಸಿದಾಗ ನನಗೆ ಲಾಕ್ವಿಲಾದ ಕಥೆ ಪೂರ್ತಿ ಗೊತ್ತಿತ್ತು. ಅದೇ ಈಗಲೂ ಚುಚ್ಚುವುದು.

ಇಟಲಿ ದೂರದ್ದಾಯಿತು. ಮಹಾರಾಷ್ಟ್ರದ ಕಿಲ್ಲಾರಿ ನಮ್ಮೂರಿಂದ ಸುಮಾರು 60 ಕಿಲೋಮೀಟರ್. ಗಡಿ ದಾಟಿ, ಉಮರ್ಗಾ ದಾಟಿದರೆ ಬಂತು.

1993ರ ಸೆಪ್ಟೆಂಬರ್ 30. ಹಿಂದಿನ ದಿನ ಗಣಪತಿ ಬಿಟ್ಟು ಬಂದಿದ್ದೆವು. ನಾನಾಗ ಐದನೇ ತರಗತಿ. ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷ ಬಾಕಿ. ಮೊದಲು ಸದ್ದು ಬಂತು. ಊರ ಮುಂದಿನ ರಸ್ತೆಯಲ್ಲಿ ಹತ್ತು ಲಾರಿ ಒಟ್ಟಿಗೆ ಹೋದ ಹಾಗೆ. ಆಮೇಲೆ ಅಡುಗೆಮನೆಯ ಗೂಡಿನಲ್ಲಿಟ್ಟ ಹಿತ್ತಾಳೆ ಚರಿಗೆಗಳು ಒಂದೊಂದಾಗಿ ಬಿದ್ದವು. ಜಂತಿ ಸಂದಿನಿಂದ ಮಣ್ಣು ಮುಖದ ಮೇಲೆ ಸುರಿಯಿತು. ಅವ್ವ ನನ್ನ ರಟ್ಟೆ ಹಿಡಿದು ಎಳೆದ ನೋವು ಇನ್ನೂ ನೆನಪಿದೆ. ಹೊರಗೆ ಬಂದರೆ ಇಡೀ ಓಣಿ ಬೀದಿಯಲ್ಲಿ ನಿಂತಿತ್ತು. ಎತ್ತುಗಳು ಹಗ್ಗ ಜಗ್ಗುತ್ತಿದ್ದವು. ನಮ್ಮ ಮುತ್ಯಾ ಮಾತ್ರ ಕಟ್ಟೆಯ ಮೇಲೆ ಕೂತು, "ಭೂಮ್ತಾಯಿ ಮಗ್ಗಲ ಬದಲಿಸ್ಯಾಳ, ಆತು" ಅಂದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಕಾಕಾ ರೊಟ್ಟಿ ಗಂಟು ಕಟ್ಟಿಕೊಂಡು ಟ್ರ್ಯಾಕ್ಟರ್ ಮೇಲೆ ಹೋದವರು ಮೂರು ದಿನ ಬರಲಿಲ್ಲ. ಬಂದ ಮೇಲೆ ಒಂದು ವಾರ ಮಾತಾಡಲಿಲ್ಲ. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು 10,000ದ ಹತ್ತಿರ. 50ಕ್ಕೂ ಹೆಚ್ಚು ಹಳ್ಳಿ ನೆಲಸಮ. ಭೂಕಂಪದ ಅಳತೆ ಎಷ್ಟು? 6.2. ಪ್ರಪಂಚದಲ್ಲಿ 6ರ ಮೇಲಿನವು ವರ್ಷಕ್ಕೆ 100ಕ್ಕೂ ಹೆಚ್ಚು ಆಗುತ್ತವೆ. ಎಷ್ಟೋ ಸಲ ಅವು ಪೇಪರಿನ ಒಳಪುಟಕ್ಕೂ ಬರುವುದಿಲ್ಲ.

ಮತ್ತೆ ಇಷ್ಟು ಜನ ಯಾಕೆ ಸತ್ತರು? ಮನೆಯ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ. 1992ರ ಕೊನೆಯ ತಿಂಗಳುಗಳಲ್ಲಿ ಕಿಲ್ಲಾರಿಯ ಸುತ್ತ ಸಣ್ಣ ಕಂಪನಗಳು ಸಾಲಾಗಿ ಆಗಿದ್ದವು. ಅಕ್ಟೋಬರ್‌ನಲ್ಲಿ ಆದ ಒಂದು 4ರ ಆಸುಪಾಸಿನದು. ಜನ ಹೆದರಿ ಹೊರಗೆ ಮಲಗಿದ್ದರು. ಆಮೇಲೆ ಎಲ್ಲ ತಣ್ಣಗಾಯಿತು. ತಿಂಗಳುಗಳು ಕಳೆದವು. ಜನ ಒಳಗೆ ಮಲಗಲು ಶುರು ಮಾಡಿದರು. ಆಗ ದೇಶದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ. ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ ಅಂತ. 2002ರ ಪರಿಷ್ಕರಣೆಯಲ್ಲಿ ಆ ವಲಯ 1ನ್ನೇ ನಕ್ಷೆಯಿಂದ ತೆಗೆದು ಹಾಕಿದರು. ಈ ದೇಶದಲ್ಲಿ ಅಷ್ಟು ಸುರಕ್ಷಿತವಾದ ಜಾಗ ಇಲ್ಲ ಅಂತ ಒಪ್ಪಿಕೊಂಡ ಹಾಗಾಯಿತು.

ಇನ್ನೊಂದು ಮಗ್ಗಲನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಮೈಕ್ ಹಿಡಿದವರ ಹಾಗೇ ಆಗುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಕಂಪನದ ಮೇಲೆ ಕಂಪನ ಆದವು. ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿ ನೆಂಟರ ಊರಿಗೆ ಹೋದರು. 2021, 2022ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ಆದವು. 2022ರ ಜೂನ್‌ನಲ್ಲಿ ಕೊಡಗಿನ ಕಡೆಯೂ ಆದವು. ಎಲ್ಲೂ ದೊಡ್ಡದು ಬರಲಿಲ್ಲ. ಇಂಥ ಸಾಲು ಕಂಪನಗಳಲ್ಲಿ ಹೆಚ್ಚಿನವು ಹೀಗೇ ಸದ್ದು ಮಾಡಿ ಸುಮ್ಮನಾಗುತ್ತವೆ. ಮಳೆನೀರು ಕಲ್ಲಿನ ಸಂದಿಗಳಲ್ಲಿ ಇಳಿದು, ಅಲ್ಲಿ ಒತ್ತಡ ಏರಿ, ಬಿಗಿಯಾಗಿ ಅಂಟಿದ್ದ ಮೈಗಳು ಸ್ವಲ್ಪ ಜಾರುವುದು ಅದಕ್ಕೆ ಒಂದು ಕಾರಣ. ಮಳೆಗಾಲ ಮುಗಿಯುವಾಗ ಜಾಸ್ತಿ ಆಗುವುದು ಅದಕ್ಕೇ ಇರಬಹುದು. ಆದರೆ ಸುಮ್ಮನಾಗುವ ಸಾಲು ಯಾವುದು, ಕಿಲ್ಲಾರಿ ಆಗುವ ಸಾಲು ಯಾವುದು ಅಂತ ಆ ಹೊತ್ತಿನಲ್ಲಿ ಬಿಡಿಸಿ ಹೇಳುವ ವಿದ್ಯೆ ಪ್ರಪಂಚದಲ್ಲಿ ಯಾರ ಹತ್ತಿರವೂ ಇಲ್ಲ. ಜಪಾನಿನವರ ಹತ್ತಿರವೂ ಇಲ್ಲ, ಅಮೆರಿಕದವರ ಹತ್ತಿರವೂ ಇಲ್ಲ.

ಅಮೆರಿಕದವರು ಒಮ್ಮೆ ಧೈರ್ಯ ಮಾಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕ್‌ಫೀಲ್ಡ್ ಅಂತ ಒಂದು ಪುಟ್ಟ ಹಳ್ಳಿ. ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ಅದರ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿ 1857, 1881, 1901, 1922, 1934, 1966ರಲ್ಲಿ ಹೆಚ್ಚು ಕಡಿಮೆ ಒಂದೇ ಅಳತೆಯ ಭೂಕಂಪಗಳಾಗಿದ್ದವು. ಸರಾಸರಿ 22 ವರ್ಷಕ್ಕೊಂದು. ಹಾಗಾಗಿ ಮುಂದಿನದು 1993ರೊಳಗೆ ಬಹುತೇಕ ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿ, ಸುತ್ತ ಯಂತ್ರಗಳನ್ನು ಹೂಳಿ ಕಾಯುತ್ತಾ ಕೂತರು. 1993 ಬಂತು, ಹೋಯಿತು. ಏನೂ ಆಗಲಿಲ್ಲ. ಅದೇ ವರ್ಷ, ಯಾರೂ ಕಾಯದ, ಯಂತ್ರವೂ ಇಲ್ಲದ ಕಿಲ್ಲಾರಿಯಲ್ಲಿ ಆಯಿತು. ಪಾರ್ಕ್‌ಫೀಲ್ಡ್‌ನಲ್ಲಿ ಬಂದದ್ದು 2004ರ ಸೆಪ್ಟೆಂಬರ್‌ನಲ್ಲಿ. 11 ವರ್ಷ ತಡವಾಗಿ. ಕೆಲಸ ಶುರು ಮಾಡಿದ ದಿನಗಳಲ್ಲಿ ಈ ಎರಡು ಊರುಗಳ ಹೆಸರನ್ನು ನನ್ನ ನೋಟ್‌ಬುಕ್ಕಿನ ಒಳಗಿನ ರಟ್ಟಿನ ಮೇಲೆ ಅಕ್ಕಪಕ್ಕ ಬರೆದಿಟ್ಟುಕೊಂಡಿದ್ದೆ.

ಈಗ ನನ್ನ ಕೆಲಸದ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಬೆಳಿಗ್ಗೆ ಬಂದು ಸಂಜೆಯೊಳಗೆ ವರದಿ ಕೊಡಿ ಅಂತ ನೀವು ಕೇಳುವುದು ಯಾಕೆ ಆಗದ ಮಾತು ಅನ್ನುವುದು ಆಗ ತಿಳಿಯುತ್ತದೆ.

ಹಳ್ಳಿಗೆ ಹೋಗಿ "ಫಾಲ್ಟ್ ನೋಡಲು ಬಂದಿದ್ದೇವೆ" ಅಂದರೆ ಜನ ಕರೆಂಟಿನವರು ಅಂದುಕೊಳ್ಳುತ್ತಾರೆ. "ಟಿಸಿ ಸುಟ್ಟು ಎಂಟ ದಿನ ಆತ್ರೀ ಮೇಡಮ್, ಈಗ ಬಂದ್ರಾ?" ಅಂತ ಬೈಸಿಕೊಂಡಿದ್ದೇನೆ. ಪಠ್ಯಪುಸ್ತಕದಲ್ಲಿ ಸ್ತರಭಂಗ ಅನ್ನುತ್ತಾರೆ. ಅದು ಪರೀಕ್ಷೆಗೆ ಬರೆದು ಮರೆಯುವ ಪದ. ಪೇಪರಿನವರು ಬಿರುಕು ಅಂತ ಬರೆಯುತ್ತಾರೆ, ಅದು ಸರಿಯಲ್ಲ. ಬಿರುಕು ಬಾಯಿ ಬಿಡುತ್ತದೆ. ಫಾಲ್ಟ್ ಬಾಯಿ ಬಿಡಬೇಕಿಲ್ಲ. ಅದರ ಎರಡೂ ಕಡೆಯ ಕಲ್ಲು ಒಂದಕ್ಕೊಂದು ಒತ್ತಿಕೊಂಡೇ ಜರುಗುತ್ತದೆ. ಬೀಸುಕಲ್ಲು ನೆನಪು ಮಾಡಿಕೊಳ್ಳಿ. ಮೇಲಿನ ಕಲ್ಲು, ಕೆಳಗಿನ ಕಲ್ಲು, ನಡುವೆ ಹಿಟ್ಟು. ಫಾಲ್ಟಿನ ನಡುವೆಯೂ ಹಾಗೇ ಕಲ್ಲು ಅರೆದು ಹಿಟ್ಟಾಗಿರುತ್ತದೆ. ಅದರ ಆಚೆ ಈಚೆ ನುಚ್ಚಿನಂತೆ ಒಡೆದ ಕಲ್ಲು. ಅದರಾಚೆ ಗಟ್ಟಿ ಬಂಡೆ. ಹಾಗಾಗಿ ಫಾಲ್ಟ್ ಅಂದರೆ ಒಂದು ಗೆರೆ ಅಲ್ಲ, ಒಂದು ಪಟ್ಟಿ. ಕೆಲವು ಕಡೆ ಗೇಣಗಲ, ಕೆಲವು ಕಡೆ ನೂರಾರು ಮೀಟರ್. ಆ ಹಿಟ್ಟು ಎಂಥದ್ದು ಅನ್ನುವುದರ ಮೇಲೆ ಫಾಲ್ಟಿನ ಗುಣ ನಿಂತಿದೆ. ಪಾರ್ಕ್‌ಫೀಲ್ಡ್ ಹತ್ತಿರ ಸುಮಾರು 3 ಕಿಲೋಮೀಟರ್ ಆಳಕ್ಕೆ ಕೊರೆದು ತೆಗೆದಾಗ ಸಿಕ್ಕಿದ್ದು ಸೋಪಿನಷ್ಟು ಜಾರುವ ಜೇಡಿ. ಅದಕ್ಕೇ ಆ ಭಾಗದಲ್ಲಿ ಫಾಲ್ಟ್ ಸದ್ದಿಲ್ಲದೆ ನಿಧಾನಕ್ಕೆ ತೆವಳುತ್ತದೆ. ಜಾರದೆ ಅಂಟಿ ಕೂತಿರುವ ಕಡೆಗಳಲ್ಲೇ ಅಪಾಯ. ಅಲ್ಲಿ ಬಿಗಿ ಏರುತ್ತಾ ಏರುತ್ತಾ ಹೋಗಿ ಒಂದು ದಿನ ಕಿತ್ತುಕೊಳ್ಳುತ್ತದೆ.

ನಮ್ಮ ಸೀಮೆಯ ಫಾಲ್ಟ್ ಕಣ್ಣಿಗೆ ಕಾಣುವುದಿಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಇಲ್ಲೆಲ್ಲಾ ಲಾವಾ ಹರಿದು ಕಪ್ಪು ಕಲ್ಲಿನ ಹಾಸು ಬಿತ್ತು. ಕಿಲ್ಲಾರಿಯಲ್ಲಿ ಕೊರೆದಾಗ ಆ ಹಾಸು 300 ಮೀಟರ್‌ಗಿಂತ ಜಾಸ್ತಿ ದಪ್ಪ ಇತ್ತು. ಫಾಲ್ಟ್ ಇರುವುದು ಅದರ ಕೆಳಗಿನ, ಅದಕ್ಕಿಂತ ಎಷ್ಟೋ ಹಳೆಯ ಬಂಡೆಯಲ್ಲಿ. ಸೆಗಣಿ ಸಾರಿಸಿದ ನೆಲದಡಿ ಹಳೆಯ ಒಡಕು ಮುಚ್ಚಿಹೋದ ಹಾಗೆ. 1993ರಲ್ಲಿ ಕಿಲ್ಲಾರಿಯ ಹೊಲಗಳಲ್ಲಿ ಆ ಒಡಕು ಮೇಲಕ್ಕೆ ಬಂತು. ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ, ಅದೂ ಬಿಟ್ಟು ಬಿಟ್ಟು, ನೆಲ ಉಬ್ಬಿ ನಿಂತಿತ್ತು. ಆ ಉಬ್ಬನ್ನು ಅಡ್ಡಕ್ಕೆ ಅಗೆದು ನೋಡಿದವರಲ್ಲಿ ಕುಸಲಾ ರಾಜೇಂದ್ರನ್ ಮತ್ತು ಸಿ. ಪಿ. ರಾಜೇಂದ್ರನ್ ದಂಪತಿ ಮುಖ್ಯರು. ಆಗ ಅವರು ತಿರುವನಂತಪುರದಲ್ಲಿದ್ದರು. ಕುಸಲಾ ಅವರು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಇದು ಹೊಸ ಒಡಕಲ್ಲ, ಹಳೆಯ ಫಾಲ್ಟ್ ಮತ್ತೆ ಎದ್ದದ್ದು ಅಂತ ಅವರು ತೋರಿಸಿಕೊಟ್ಟರು. ಹೆಂಗಸೊಬ್ಬರು ಟ್ರೆಂಚಿನಲ್ಲಿಳಿದು ಕೆಲಸ ಮಾಡುತ್ತಾರೆ ಅಂತ ಕಾಲೇಜಿನಲ್ಲಿ ಓದಿದ್ದೇ ನನ್ನನ್ನು ಈ ದಾರಿಗೆ ತಂದಿತು. ಮನೆಯಲ್ಲಿ ಬಿ.ಇಡಿ. ಮಾಡು ಅಂದಿದ್ದರು.

ಟ್ರೆಂಚ್ ಅಂದರೆ ಸುಮ್ನೆ ಗುಂಡಿ ಅಲ್ಲ. ಫಾಲ್ಟಿಗೆ ಅಡ್ಡಲಾಗಿ ಜೆಸಿಬಿಯಲ್ಲಿ ಅಗೆಸುತ್ತೇವೆ. ಎರಡಾಳುದ್ದ ಆಳ ಇರುತ್ತದೆ, ಬದಿ ಕುಸಿಯದಂತೆ ಆಸರೆ ಕೊಡಬೇಕು. ಆಮೇಲೆ ಕರಣೆ ಹಿಡಿದು ಗೋಡೆಯನ್ನು ಕೆರೆದು ಕೆರೆದು ನಯ ಮಾಡುತ್ತೇವೆ. ಮೊಳೆ ಹೊಡೆದು, ದಾರ ಕಟ್ಟಿ, ಚೌಕ ಚೌಕ ಮಾಡಿ, ಒಂದೊಂದು ಚೌಕವನ್ನೂ ಗ್ರಾಫ್ ಹಾಳೆಯ ಮೇಲೆ ಬರೆದುಕೊಳ್ಳುತ್ತೇವೆ. ಮಣ್ಣಿನ ಪದರಗಳು ಎಲ್ಲಿ ತುಂಡಾಗಿವೆ, ಎಷ್ಟು ಜರುಗಿವೆ, ತುಂಡಾದ ಪದರದ ಮೇಲೆ ತುಂಡಾಗದ ಪದರ ಯಾವುದು ಅಂತ ನೋಡುತ್ತೇವೆ. ಭೂಕಂಪ ಆದದ್ದು ಆ ಎರಡು ಪದರಗಳ ನಡುವಿನ ಕಾಲದಲ್ಲಿ. ಇದ್ದಿಲಿನ ಒಂದು ಚೂರು ಸಿಕ್ಕರೆ ಹಬ್ಬ. ಕೈಯಲ್ಲಿ ಮುಟ್ಟದೆ, ಚಿಮಟದಲ್ಲಿ ಎತ್ತಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಲ್ಯಾಬಿಗೆ ಕಳಿಸುತ್ತೇವೆ. ಅದರ ವಯಸ್ಸು ತಿಳಿದರೆ ಪದರದ ವಯಸ್ಸು ತಿಳಿಯುತ್ತದೆ. ಕೆಲವು ಮಣ್ಣಿನ ವಯಸ್ಸು ತಿಳಿಯಲು ಬೆಳಕು ತಾಗದಂತೆ ಕಬ್ಬಿಣದ ಕೊಳವೆ ಬಡಿದು, ಕರಿ ಬಟ್ಟೆ ಹೊದ್ದು ತೆಗೆಯಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಕರಿ ಬಟ್ಟೆ ಹೊದ್ದು ನೋಡಿ ಒಮ್ಮೆ.

ಇದಕ್ಕೂ ಮೊದಲು ರೈತರನ್ನು ಒಪ್ಪಿಸಬೇಕು. ತೊಗರಿ ನಿಂತ ಹೊಲ ಕೊಡುವುದಿಲ್ಲ, ಕೊಡಲೂ ಬಾರದು. ರಾಶಿ ಆದ ಮೇಲೆ, ಮುಂದಿನ ಮಳೆಗೆ ಮುಂಚೆ, ನಡುವಿನ ಎರಡು ಮೂರು ತಿಂಗಳಷ್ಟೇ ನಮ್ಮದು. ಆಗಲೂ ನಿಧಿ ತೆಗೆಯಲು ಬಂದವರು ಅನ್ನುವ ಅನುಮಾನ ಹೋಗುವುದಿಲ್ಲ. ರಾತ್ರಿ ಬಂದು ಬ್ಯಾಟರಿ ಹಾಕಿ ಇಣುಕಿ ನೋಡಿ ಹೋಗುತ್ತಾರೆ. ಅದಕ್ಕೆ ನಾನೇ ಕರೆದು, ಇಳಿಸಿ, ಎಲ್ಲ ತೋರಿಸುತ್ತೇನೆ. ಪದರಗಳನ್ನು ರೈತರು ನನಗಿಂತ ಬೇಗ ಗುರುತಿಸುತ್ತಾರೆ. "ಇದು ಹಳ್ಳದ ಮಣ್ಣು, ಇದು ಎರಿ, ಇದು ನೆರೆ ಬಂದಾಗ ಕುಂತದ್ದು" ಅಂತ ಬೆರಳಿಟ್ಟು ಹೇಳುತ್ತಾರೆ.

ಎರೆ ಮಣ್ಣಿನ ವಿಷಯ ಬಂದದ್ದಕ್ಕೆ ನನ್ನ ಒಂದು ಮುಜುಗರದ ಕಥೆ. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಗುಂಡಿಯ ಗೋಡೆಯಲ್ಲಿ ಓರೆಯಾದ, ಹೊಳೆಯುವ, ಗೀರು ಬಿದ್ದ ಮೈ ಕಂಡಿತು. ಫಾಲ್ಟ್ ಸಿಕ್ಕೇಬಿಟ್ಟಿತು ಅಂತ ಕುಣಿದೆ. 11 ದಿನ ಅದನ್ನೇ ಅಳೆದೆ, ಚಿತ್ರ ಬರೆದೆ. ಹಿರಿಯರೊಬ್ಬರು ಬಂದು ನೋಡಿ, ಚಹಾ ಕುಡಿದು, "ಪಕ್ಕದ ಹೊಲದಲ್ಲಿ ಎಲ್ಲಿ ಬೇಕಾದರೂ ಅಗೆ, ಇದೇ ಸಿಗುತ್ತದೆ" ಅಂದರು. ಅಗೆದೆ. ಸಿಕ್ಕಿತು. ಎರೆ ಮಣ್ಣು ಬೇಸಿಗೆಯಲ್ಲಿ ಸೀಳುತ್ತದೆ, ಮಳೆಗೆ ಉಬ್ಬುತ್ತದೆ. ಹಾಗೆ ಉಬ್ಬುವಾಗ ಒಳಗೊಳಗೇ ತಿಕ್ಕಿಕೊಂಡು ಇಂಥ ಹೊಳೆಯುವ ಮೈಗಳು ಆಗುತ್ತವೆ. ಭೂಕಂಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೇ ಹೇಳುವುದು, ಹೊಲದಲ್ಲಿ ಉದ್ದ ಸೀಳು ಬಿದ್ದಿದೆ ಅಂತ ವಾಟ್ಸಾಪಿನಲ್ಲಿ ಫೋಟೋ ಬಂದ ತಕ್ಷಣ ದಯವಿಟ್ಟು ಪ್ರಕಟಣೆ ಹೊರಡಿಸಬೇಡಿ. ನಾನೇ 11 ದಿನ ಮೋಸ ಹೋದವಳು.

ಗುಜರಾತಿನ ಕಛ್‌ನ ರಣದಲ್ಲಿ, ಅಂದರೆ ಅಲ್ಲಿನ ಉಪ್ಪಿನ ಬಯಲಿನಲ್ಲಿ, ಇಷ್ಟು ಕಷ್ಟ ಇಲ್ಲ. ಅಲ್ಲಿ 1819ರ ಭೂಕಂಪ 80 ಕಿಲೋಮೀಟರ್‌ಗೂ ಉದ್ದದ ದಿಬ್ಬವನ್ನೇ ಎಬ್ಬಿಸಿ ನಿಲ್ಲಿಸಿತು. ಮನುಷ್ಯ ಕಟ್ಟಿದ್ದಲ್ಲ ಅಂತ ಜನ ಅದನ್ನು ಅಲ್ಲಾ ಬಂಡ್ ಅಂತ ಕರೆದರು. ಆದರೆ ಅದೇ ಕಛ್‌ನಲ್ಲಿ 2001ರ ಜನವರಿ 26ರಂದು ಭುಜ್ ಸುತ್ತಮುತ್ತ ಊರೂರೇ ಬಿದ್ದಾಗ, ಕೆಳಗಿನ ಫಾಲ್ಟ್ ನೆಲದ ಮೇಲಕ್ಕೆ ಬಂದು ಮುಖ ತೋರಿಸಲೇ ಇಲ್ಲ.

ಹಿಮಾಲಯದ ಫಾಲ್ಟ್‌ಗಳು ನೂರಾರು ವರ್ಷಕ್ಕೊಮ್ಮೆ ಏಳುತ್ತವೆ. ದಖ್ಖನ್ನಿನವು ಸಾವಿರಾರು ವರ್ಷಕ್ಕೊಮ್ಮೆ. ಬರೆದಿಟ್ಟ ಚರಿತ್ರೆ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. "ನಮ್ಮ ಊರಲ್ಲಿ ಯಾವತ್ತೂ ಆಗಿಲ್ಲ" ಅನ್ನುವ ಮಾತಿಗೆ ಈ ಲೆಕ್ಕದಲ್ಲಿ ತೂಕ ಕಡಿಮೆ. ಕಿಲ್ಲಾರಿಯವರೂ ಹಾಗೇ ಅಂದಿರಬೇಕು.

ಅಣೆಕಟ್ಟಿನ ನೀರಿನ ಬಗ್ಗೆ ನೀವು ಸಭೆಗಳಲ್ಲಿ ಕೇಳುತ್ತಿರುತ್ತೀರಿ. ಚುಟುಕಾಗಿ ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ಕೊಯ್ನಾ ಜಲಾಶಯ ತುಂಬಿದ ಮೇಲೆ 1967ರ ಡಿಸೆಂಬರ್‌ನಲ್ಲಿ ಅಲ್ಲಿ 6.3ರ ಭೂಕಂಪ ಆಯಿತು. ಜಲಾಶಯದ ನೀರಿನಿಂದ ಕೆರಳಿದ ಭೂಕಂಪಗಳಲ್ಲಿ ಅದೇ ಅತಿ ದೊಡ್ಡದು ಅಂತ ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ. ಅಲ್ಲಿ ಈಗಲೂ ಕಂಪನ ನಿಂತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಆ ಜಾಗವನ್ನು ಬಿಟ್ಟಿಲ್ಲ. ಅಲ್ಲಿ ಸುಮಾರು 3 ಕಿಲೋಮೀಟರ್ ಆಳಕ್ಕೆ ಕೊರೆದೂ ನೋಡಿದ್ದಾರೆ. ಹಾಗಂತ ಎಲ್ಲ ಅಣೆಕಟ್ಟೂ ಕೊಯ್ನಾ ಅಲ್ಲ. ನೀರಿನ ಭಾರ ಫಾಲ್ಟನ್ನು ಹುಟ್ಟಿಸುವುದಿಲ್ಲ, ಮೊದಲೇ ಬಿಗಿದು ಕೂತದ್ದನ್ನು ಕೆಣಕುತ್ತದೆ. ಎಲ್ಲಿ ಬಿಗಿದಿದೆ ಅಂತ ತಿಳಿಯಬೇಕಾದರೆ ಮತ್ತೆ ಅದೇ ನಿಧಾನದ ಕೆಲಸ.

ಯಂತ್ರ ಇಡುವುದರಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿರಲಿಲ್ಲ ಅಂತಲೂ ಹೇಳಬೇಕು. ಗೌರಿಬಿದನೂರಿನಲ್ಲಿ 1965ರಿಂದಲೇ ಕಂಪನ ಅಳೆಯುವ ಯಂತ್ರಗಳ ಸಾಲು ಇದೆ. ಬೇರೆ ದೇಶಗಳು ನೆಲದಡಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಗೊತ್ತಾಗಲಿ ಅಂತ ಭಾಭಾ ಪರಮಾಣು ಕೇಂದ್ರದವರು ಹೂಡಿದ್ದು. ಭೂಮಿಯ ಆ ಕಡೆ ಬಾಂಬ್ ಸಿಡಿದರೆ ಗೌರಿಬಿದನೂರಿನ ಹೊಲಕ್ಕೆ ತಿಳಿಯುತ್ತಿತ್ತು. ಈ ಕಡೆಯ ಹಳ್ಳಿಗಳಲ್ಲಿ ಕಂಪನದ ಸಾಲು ಶುರುವಾದರೆ ಕೇಂದ್ರ ಯಾವ ಹೊಲದ ಕೆಳಗೆ, ಎಷ್ಟು ಆಳದಲ್ಲಿ ಅಂತ ಹೇಳಲು ಯಂತ್ರಗಳು ಹತ್ತಿರದಲ್ಲೇ, ನಾಲ್ಕಾರು ಕಡೆ ಇರಬೇಕು. ತಂದಿಟ್ಟರೂ ಸಾಲದು, ಉಳಿಯಬೇಕು. ಕಂಪನ ನಿಂತ ಎರಡನೇ ವಾರಕ್ಕೆ "ಯಂತ್ರ ಇಟ್ಟ ಶಾಲೆ ಕೋಣೆ ಖಾಲಿ ಮಾಡಿ" ಅಂದರೆ, ಕಿಲ್ಲಾರಿಯಲ್ಲಿ ಜನ ಮತ್ತೆ ಒಳಗೆ ಮಲಗಲು ಶುರು ಮಾಡಿದ್ದರಲ್ಲ, ಅಂಥ ತಿಂಗಳುಗಳಲ್ಲೇ ನಾವು ಕುರುಡರಾಗಿರುತ್ತೇವೆ. ಒಂದು ಕೋಣೆ, ಒಂದು ಬೀಗ, ಎರಡು ವರ್ಷ. ಇಷ್ಟು ಕೊಡಿ.

ಈಗ ಮನೆ. ಆ ಆಯಿಯ ಪ್ರಶ್ನೆಗೆ ಉತ್ತರ ಫಾಲ್ಟಿನಲ್ಲಿ ಇರಲಿಲ್ಲ, ಅವರ ಮನೆಯ ಗೋಡೆಯಲ್ಲಿ ಇತ್ತು. ಅದು ಹೊಳೆದದ್ದು ಜೀಪು ಹೆದ್ದಾರಿ ಹತ್ತಿದ ಮೇಲೆ.

ಕಿಲ್ಲಾರಿಯ ಮನೆಗಳು ನಮ್ಮ ಮನೆಗಳ ಹಾಗೇ ಇದ್ದವು. ಎರಡು ಮೊಳದ ಕಲ್ಲಿನ ಗೋಡೆ. ನೋಡಲು ಕೋಟೆ. ಒಳಗೆ ನೋಡಿದರೆ ಈ ಮುಖಕ್ಕೊಂದು ಸಾಲು ಕಲ್ಲು, ಆ ಮುಖಕ್ಕೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡು ಸಾಲಿಗೂ ನಂಟೇ ಇಲ್ಲ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಾಳಿಗೆ ಸೋರಿದಾಗಲೆಲ್ಲಾ ಇನ್ನೊಂದಿಷ್ಟು ಮಣ್ಣು. ಅಜ್ಜನ ಕಾಲದಿಂದ ಮೊಮ್ಮಗನ ಕಾಲಕ್ಕೆ ಮಾಳಿಗೆ ಒಂದೂವರೆ ಎರಡು ಅಡಿ ದಪ್ಪ. ನೆಲ ಅಲ್ಲಾಡಿದಾಗ ಗೋಡೆಯ ಎರಡು ಸಾಲೂ ಬೇರೆ ಬೇರೆಯಾಗಿ ಉಬ್ಬಿ ಸೀಳಿದವು. ಮೇಲಿನ ಮಣ್ಣು ಮಲಗಿದವರ ಮೇಲೆ ಕುಸಿಯಿತು. ಎಷ್ಟೋ ಜನ ಮಣ್ಣಿನಲ್ಲಿ ಉಸಿರುಕಟ್ಟಿ ಸತ್ತರು. ನಮ್ಮ ಕಾಕಾ ಬಹಳ ದಿನದ ಮೇಲೆ ಹೇಳಿದ್ದು ಒಂದೇ ಮಾತು: "ರಕ್ತ ಇದ್ದಿಲ್ಲ. ಮಣ್ಣ ಇತ್ತು." ಊರ ಹೊರಗಿನ ಹುಲ್ಲಿನ ಗುಡಿಸಲಲ್ಲಿ ಮಲಗಿದ್ದ ಬಡವರು ಹೆಚ್ಚು ಉಳಿದರು. ಅವರ ತಲೆಯ ಮೇಲೆ ಭಾರವೇ ಇರಲಿಲ್ಲ.

ನಮ್ಮ ಗೌಂಡಿಗಳಿಗೆ ಇದನ್ನು ತಡೆಯುವ ಕೆಲಸ ಗೊತ್ತಿಲ್ಲ ಅಂತಲ್ಲ. ಗೋಡೆಯ ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದ ಕಲ್ಲನ್ನು ನಡುನಡುವೆ ಇಡುವುದು ಹಳೆಯ ಗೌಂಡಿಗಳ ಕೆಲಸವೇ. ದುಡ್ಡು, ಸಮಯ ಉಳಿಸಲು ಬಿಟ್ಟರು. ಕಿಲ್ಲಾರಿ ಆದಮೇಲೆ ಹಳೆಯ ಗೋಡೆಯಲ್ಲೂ ತೂತು ಮಾಡಿ, ಸರಳು ಇಟ್ಟು, ಕಾಂಕ್ರೀಟ್ ತುಂಬಿ ಎರಡು ಸಾಲನ್ನೂ ಹೊಲಿಯುವುದನ್ನು ಅಲ್ಲಿ ಮಾಡಿ ತೋರಿಸಿದ್ದಾರೆ. ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ಮೇಲಂಚಿಗೆ, ನಾಲ್ಕೂ ಗೋಡೆಗೆ ಸುತ್ತಿ ಬರುವ ಒಂದು ಕಾಂಕ್ರೀಟ್ ಬೆಲ್ಟ್ ಹಾಕಿದರೆ ಮನೆ ಪೆಟ್ಟಿಗೆಯ ಹಾಗೆ ಒಟ್ಟಿಗೆ ನಿಲ್ಲುತ್ತದೆ. ಬಾಗಿಲ ಮೇಲೆ, ಕಿಟಕಿ ಮೇಲೆ ತುಂಡು ತುಂಡಾಗಿ ಹಾಕಿದರೆ ಉಪಯೋಗ ಇಲ್ಲ. ಮಾಳಿಗೆಯ ಹಳೆಯ ಮಣ್ಣನ್ನು ಗೇಣಿನಷ್ಟು ಉಳಿಸಿ ಉಳಿದದ್ದು ಇಳಿಸಿದರೂ ಎಷ್ಟೋ ಜೀವ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಸಲಿಕೆ, ಬುಟ್ಟಿ, ಸೋರದಂತೆ ಮೇಲೊಂದು ಹೊದಿಕೆ. ಸಿಮೆಂಟಿನ ಹೊಸ ಮನೆ ಕಟ್ಟಿದವರು ನಮಗೇನೂ ಆಗಲ್ಲ ಅಂದುಕೊಂಡಿದ್ದಾರೆ. ಅವರ ಪಿಲ್ಲರಿನ ರಿಂಗುಗಳನ್ನು ಒಮ್ಮೆ ನೋಡಬೇಕು. ರಿಂಗಿನ ತುದಿಯನ್ನು ಒಳಕ್ಕೆ ಬಾಗಿಸದೆ ಬಿಟ್ಟರೆ ನೆಲ ಅಲುಗಿದಾಗ ಅದು ಬಿಚ್ಚಿಕೊಳ್ಳುತ್ತದೆ, ಪಿಲ್ಲರ್ ಸಿಡಿಯುತ್ತದೆ.

ಹಾಗಾಗಿ ಆ ಆಯಿಗೆ ನಾನು ಹೇಳಬೇಕಿದ್ದದ್ದು ಇದು: "ಆಯಿ, ದೊಡ್ಡದು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಹುಶಃ ಬರಲಿಕ್ಕಿಲ್ಲ. ಆದರೆ ನಿಮ್ಮದು ಮಣ್ಣಿನ ಮಾಳಿಗೆ ಆಗಿದ್ದರೆ ಈ ಕಂಪನ ನಿಲ್ಲುವವರೆಗೆ ಅಂಗಳದಲ್ಲಿ ಮಲಗಿ. ಗೋಡೆಯಿಂದ ದೂರ ಮಲಗಿ. ಅಷ್ಟರಲ್ಲಿ ಮಾಳಿಗೆ ಭಾರ ಇಳಿಸೋಣ." ಹೇಳಲು ಒಂದು ನಿಮಿಷ ಸಾಕಿತ್ತು.

ಮೈಕಿನಲ್ಲಿ ನೀವು ಹೇಳಬೇಕಾದದ್ದೂ ಇದಕ್ಕಿಂತ ಬೇರೆ ಅಲ್ಲ. ಜನ ಹೆದರಿ ಓಡುತ್ತಾರೆ ಅನ್ನುವ ಅಂಜಿಕೆ ನಿಮಗಿದೆ, ಗೊತ್ತು. ಕಾನೂನು ಸುವ್ಯವಸ್ಥೆ ನಿಮ್ಮ ತಲೆಯ ಮೇಲಿದೆ, ನನ್ನ ತಲೆಯ ಮೇಲಿಲ್ಲ. ಆದರೆ ನಾನು ನೋಡಿದಂತೆ ಜನ ಓಡುವುದು ಗೊತ್ತಿಲ್ಲ ಅಂತ ಹೇಳಿದ್ದಕ್ಕಲ್ಲ. ಬೆಳಿಗ್ಗೆ ಏನೂ ಆಗಲ್ಲ ಅಂದು, ರಾತ್ರಿ ಮತ್ತೆ ನಡುಗಿದಾಗ. ಆಗ ಅವರು ನಿಮ್ಮನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ. ಆಮೇಲೆ ಯೂಟ್ಯೂಬಿನ ಜ್ಯೋತಿಷಿಯೇ ದಿಕ್ಕು.

ಮಾಳಿಗೆಯ ಮಾತು ಎತ್ತಲು ಕಂಪನ ಆದ ಆ ಹದಿನೈದು ದಿನಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಬೇರೆ ದಿನ ಹೇಳಿದರೆ ಯಾರೂ ಕಿವಿ ಕೊಡುವುದಿಲ್ಲ. ಆ ದಿನಗಳಲ್ಲಿ ಇಡೀ ಊರು ಶಾಮಿಯಾನದಡಿ ಕೂತಿರುತ್ತದೆ. ಆಗ ಜನ ಮಲಗಲು ಹಾಕಿಸುವ ಶೆಡ್ಡಿನ ಜೊತೆಗೆ ಮಾಳಿಗೆ ಇಳಿಸಲು ನಾಲ್ಕು ಆಳಿನ ಕೂಲಿ ಕೊಡಿ. ಆಶ್ರಯ ಮನೆ ಕಟ್ಟುವಾಗ ಬೆಲ್ಟ್ ಹಾಕಿದ ಫೋಟೋ ನೋಡಿ ಮುಂದಿನ ಕಂತು ಬಿಡಿ. ತಳಪಾಯದ ಫೋಟೋ ಕೇಳುತ್ತೀರಿ, ಛಾವಣಿಯ ಫೋಟೋ ಕೇಳುತ್ತೀರಿ, ನಡುವಿನ ಬೆಲ್ಟಿನದ್ದೂ ಒಂದು ಕೇಳಿದರೆ ಆಯಿತು.

ನನ್ನ ಕಡೆಯಿಂದ ಇಷ್ಟು. ಮುಂದಿನ ಸಲ ಕರೆಸಿದರೆ ಬರುತ್ತೇನೆ. ಒಂದು ದಿನಕ್ಕಲ್ಲ, ಒಂದು ವಾರಕ್ಕೆ. ವೇದಿಕೆ ಬೇಡ. ಗೊತ್ತಿರುವುದನ್ನು ಗೊತ್ತು ಅಂತ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುತ್ತೇನೆ. ನನ್ನ ಪಕ್ಕದಲ್ಲಿ ಕೂತವರು ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ಮುಂದಿನ ಸಾಲಿನ ಕುರ್ಚಿಗಳನ್ನು ಊರಿನ ಗೌಂಡಿಗಳಿಗೆ ಬಿಡಿ. ಸಭೆಯನ್ನು ಸಂಜೆ ಇಡಿ, ಮಧ್ಯಾಹ್ನ ಅವರು ಕೆಲಸದ ಮೇಲೆ ಇರುತ್ತಾರೆ. ಮತ್ತೆ ಜೀಪಿನ ಡ್ರೈವರಿಗೆ ಮೊದಲೇ ಹೇಳಿಡಿ, ಸಭೆ ಮುಗಿದ ಮೇಲೆ ನಾನು ನಾಲ್ಕು ಮನೆಯ ಮಾಳಿಗೆ ಹತ್ತಿ ನೋಡುವುದಿದೆ, ತಡವಾಗುತ್ತದೆ.

ಇಂತಿ,
ಆಳಂದ ಸೀಮೆಯ ಒಬ್ಬ ಭೂಕಂಪ ವಿಜ್ಞಾನಿ